ಆಟ ನಿಲ್ಲುವ ಹೊತ್ತು

ಪರದೆಯ ಮೇಲಿನ ವಿಮಾನ ಹಾರುತ್ತಿದ್ದಂತೆಯೇ ಗಕ್ಕನೆ ನಿಂತಿತು. ಗುರುಪುತ್ರಪ್ಪ ಕೀಲಿಗಳನ್ನು ನಾಲ್ಕು ಸಲ ಕುಟ್ಟಿ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲೆ ಎಸೆದರು.

“ಮತ್ತ ನಿಂತಿತು ನೋಡು. ಖರೇ ಹೇಳು ನಾಗಲಿಂಗ, ಮುಂಬಯಿಯಿಂದ ಹಳೇ ಸಾಮಾನು ತಂದು ಕೂಡಿಸಿ ಕೊಟ್ಟಿಯೇನು?”

“ಇಲ್ರಿ ಸಾವಕಾರ್ರ. ಎಲ್ಲಾ ಹೊಸಾವ ಅದಾವ.”

ಟಿಳಕವಾಡಿಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ನಾಗಲಿಂಗ ತನ್ನ ಕೈಯಾರೆ ಜೋಡಿಸಿದ ಮೊದಲ ಕಂಪ್ಯೂಟರ್ ಅದು. ೧೯೮೮ರ ಸಂಕ್ರಾಂತಿಗೆ ಖಾನಾಪುರದ ಈ ಮನೆಗೆ ತಂದು ಕೂಡಿಸಿದ್ದ. ಹೆಂಚಿನ ಕಾರ್ಖಾನೆಯ ಪತ್ರ ಬರೆಯಲೆಂದು ಕೊಂಡ ಗುರುಪುತ್ರಪ್ಪ ಐವತ್ತೈದರ ವಯಸ್ಸಿನಲ್ಲಿ ವಿಮಾನದ ಆಟಕ್ಕೆ ಅಂಟಿಕೊಂಡಿದ್ದರು. ಆಟ ಮಾತ್ರ ಕಾರಣವಿಲ್ಲದೆ ನಿಲ್ಲುತ್ತಿತ್ತು. ಒಮ್ಮೆ ಹತ್ತು ನಿಮಿಷಕ್ಕೆ, ಒಮ್ಮೆ ಎರಡು ದಿನಕ್ಕೆ. ನಾಗಲಿಂಗ ಮೆಮೊರಿ ಚಿಪ್ಪುಗಳನ್ನು ಬದಲಿಸಿದ, ಪವರ್ ಸಪ್ಲೈ ಬದಲಿಸಿದ, ಆಟವನ್ನು ಹೊಸ ಫ್ಲಾಪಿಗೆ ಇಳಿಸಿದ. ಕೊನೆಗೆ ಪೆಟ್ಟಿಗೆಯನ್ನೇ ಅಂಗಡಿಗೆ ಹೊತ್ತೊಯ್ದ. ಅಲ್ಲಿ ನಾಲ್ಕು ದಿನ ಒಂದೇ ಸಮನೆ ಓಡಿತು. ಖಾನಾಪುರಕ್ಕೆ ಮರಳಿ ತಂದ ಮೊದಲ ತಾಸಿನಲ್ಲೇ ನಿಂತಿತು. ತಮಗೂ ಒಂದೊಂದು ಬೇಕೆಂದಿದ್ದ ಇನ್ನಿಬ್ಬರು ಕಾರ್ಖಾನೆಯವರು ಈಗ ಅವನನ್ನು ಕಂಡರೆ ಮಾತು ತಪ್ಪಿಸುತ್ತಿದ್ದರು.

ಈ ಸಲ ಅವನು ಪೆಟ್ಟಿಗೆ ಬಿಚ್ಚಲಿಲ್ಲ. ಗುರುಪುತ್ರಪ್ಪನವರಿಗೆ ಆಡುತ್ತಿರಲು ಹೇಳಿ, ಗಡಿಯಾರ ನೋಡುತ್ತ ಪಕ್ಕದಲ್ಲಿ ಕುಳಿತ. ಬೆಳಿಗ್ಗೆ ಒಮ್ಮೆ ನಿಂತಿತ್ತು, ಈಗ ಇನ್ನೊಮ್ಮೆ. ಎರಡೂ ಸಲ ಹಿತ್ತಲ ಕಡೆಯಿಂದ ಗುಂಯ್ ಎಂಬ ಸದ್ದು ಬಂದಿತ್ತು.

“ಅದೇನ್ರಿ ಸಪ್ಪಳ?”

“ಬಾವಿ ಮೋಟರ್. ಟಾಕಿ ಖಾಲಿ ಆಗಿರಬೇಕು, ನಮ್ಮಾಕಿ ಚಾಲೂ ಮಾಡ್ಯಾಳ.”

ನಾಗಲಿಂಗ ಟೆಸ್ಟರನ್ನು ಕಂಪ್ಯೂಟರಿನ ಕಬ್ಬಿಣದ ಮೈಗೆ ಹಚ್ಚಿದ. ಅದರೊಳಗಿನ ಪುಟ್ಟ ದೀಪ ಹೊತ್ತಿಕೊಂಡಿತು. ಮೋಟರು ನಿಂತೊಡನೆ ಆರಿತು. ಗೋಡೆಯ ಮೇಲಿನ ಅರ್ಥ್ ತಂತಿಯ ಬೆನ್ನು ಹಿಡಿದು ಹಿತ್ತಲಿಗೆ ಹೋದ. ವೈರಿಂಗ್ ಮಾಡಿದವನು ನೆಲದಲ್ಲಿ ಗುಂಡಿ ತೋಡುವ ಕಷ್ಟ ಉಳಿಸಿಕೊಂಡು, ತಂತಿಯನ್ನು ನೀರಿನ ಪೈಪಿಗೇ ಸುತ್ತಿ ಹೋಗಿದ್ದ. ಮೋಟರಿನ ಒಳಗಿನ ಸುರುಳಿ ಎಲ್ಲೋ ಸುಟ್ಟು, ಅದು ತಿರುಗುವಷ್ಟು ಹೊತ್ತೂ ಪೈಪಿಗೆ ಕರೆಂಟು ಇಳಿದು, ಆ ತಂತಿ ಹಿಡಿದು ಕಂಪ್ಯೂಟರಿಗೂ ಬರುತ್ತಿತ್ತು. ಗುರುಪುತ್ರಪ್ಪನವರ ಹೆಂಡತಿ ಅಕ್ಕವ್ವನಿಗೆ ಹೇಳಿ ಇನ್ನೊಮ್ಮೆ ಮೋಟರು ಹಾಕಿಸಿ, ಪಾತ್ರೆ ತೊಳೆಯುವ ಕಟ್ಟೆಯ ನಳಕ್ಕೆ ಟೆಸ್ಟರ್ ಹಚ್ಚಿದ. ದೀಪ ಕೆಂಪಗೆ ಉರಿಯಿತು.

“ಸಿಕ್ತ್ರಿ ಸಾವಕಾರ್ರ,” ಎಂದ. ಎರಡು ತಿಂಗಳ ಭಾರ ಎದೆಯಿಂದ ಇಳಿದಂತಾಗಿ ನಗುತ್ತಿದ್ದ. “ನನ್ನ ಕಂಪ್ಯೂಟರದಾಗ ಏನೂ ಐಬಿಲ್ಲ. ನಿಮ್ಮ ನಳದಾಗ ಕರೆಂಟ್ ಐತಿ.”

ಮೋಟರು ನಿಲ್ಲಿಸಿ ಬಂದ ಅಕ್ಕವ್ವ ಹಿತ್ತಲ ಬಾಗಿಲಲ್ಲಿ ಹಾಗೆಯೇ ನಿಂತಿದ್ದರು. “ಭರಮವ್ವ ಇದ ನಳದ ಮುಂದ ಬಿದ್ದಿದ್ಲಲ್ಲ,” ಎಂದರು ಮೆಲ್ಲಗೆ.

ನಾಗಲಿಂಗನ ನಗು ನಿಂತಿತು. ಭರಮವ್ವ ಆ ಮನೆಯ ಪಾತ್ರೆ ತೊಳೆಯುತ್ತಿದ್ದ ಹದಿನಾರರ ಹುಡುಗಿ. ಅವನಿಗೆ ಚಹಾ ತಂದುಕೊಟ್ಟು, ಪರದೆಯ ಮೇಲಿನ ವಿಮಾನವನ್ನು ಬಾಗಿಲ ಮರೆಯಿಂದ ನೋಡುತ್ತಿದ್ದಳು. ಶಿವರಾತ್ರಿಯ ಹಿಂದಿನ ದಿನ ಮೂರ್ಛೆ ಬಂದು ಬಿದ್ದು ಸತ್ತಳೆಂದು ಅವನಿಗೂ ಯಾರೋ ಹೇಳಿದ್ದರು. ಅಷ್ಟರೊಳಗೆ ಅವನು ಆ ಪೆಟ್ಟಿಗೆಯನ್ನು ಮೂರು ಸಲ ಬಿಚ್ಚಿ ಕಟ್ಟಿದ್ದ. ಹಿತ್ತಲಿಗೆ ಒಮ್ಮೆಯೂ ಬಂದಿರಲಿಲ್ಲ.

“ಅಕಿಗೆ ಮೂರ್ಛಿ ರೋಗ ಇತ್ತು,” ಗುರುಪುತ್ರಪ್ಪ ಹೆಂಡತಿಯ ಕಡೆ ನೋಡದೆ ಹೇಳಿದರು. “ನೀ ಒಳಗ ನಡಿ.” ಆಮೇಲೆ ನಾಗಲಿಂಗನ ಹೆಗಲ ಮೇಲೆ ಕೈ ಇಟ್ಟರು. “ನಾಳೆನ ಹೊಸಾ ಮೋಟರ್ ಕೂಡಸ್ತೀನಿ, ವೈರಿಂಗೂ ಮಾಡಸ್ತೀನಿ. ಮುಗದದ್ದನ್ನ ಮತ್ತ ತಗೀಬ್ಯಾಡ. ಆ ಇಬ್ಬರು ಕಾರ್ಖಾನಿಯವರಿಗೆ ನಾನ ಹೇಳ್ತೀನಿ, ನಿನ್ನ ಕಂಪ್ಯೂಟರ್ ಚೊಲೋ ಐತಿ ಅಂತ.”

ಅವರು ಒಳಗೆ ಹೋದ ಮೇಲೆ ನಾಗಲಿಂಗ ಮೇನ್ ಸ್ವಿಚ್ ಆರಿಸಿ, ಇಕ್ಕಳದಿಂದ ಮೋಟರಿನ ತಂತಿಯನ್ನು ಬುಡಕ್ಕೇ ಕತ್ತರಿಸಿದ.

ತಲೆ ಎತ್ತಿದಾಗ ಭರಮವ್ವನ ತಾಯಿ ಫಕೀರವ್ವ ಹಿತ್ತಲ ಗೇಟಿನಿಂದ ಬಂದು ಕಟ್ಟೆಯ ಮುಂದೆ ಕೂತಿದ್ದಳು. ಮಗಳ ಕೆಲಸ ಈಗ ಅವಳು ಮಾಡುತ್ತಿದ್ದಳು. ಸೊಂಟದಿಂದ ಒಂದು ಒಣ ಅರಿವೆ ತೆಗೆದು, ಕೈಗೆ ಎರಡು ಸುತ್ತು ಸುತ್ತಿಕೊಂಡು ನಳ ತಿರುಗಿಸಿದಳು.

ನಾಗಲಿಂಗ ಇಕ್ಕಳ ಹಿಡಿದೇ ಅವಳ ಹತ್ತಿರ ಹೋದ. “ಅರಿವಿ ಯಾಕ ಸುತ್ತಕೊಂಡಿ, ಯವ್ವಾ?”

“ಒಂದೊಂದ ಸಲಾ ಕಡೀತೈತ್ರಿ ಇದು.”

“ಮೊದಲ ಗೊತ್ತಿತ್ತೇನು ನಿನಗ?”

ಫಕೀರವ್ವ ಬೂದಿ ಹಚ್ಚಿದ ಪಾತ್ರೆಯನ್ನು ತಿಕ್ಕತೊಡಗಿದಳು. “ಮಗಳು ದಿನಾ ಹೇಳತಿದ್ಲರಿ, ಕೈ ಜುಂ ಅಂತೈತಿ, ನಾ ವಲ್ಲೆ ಅಂತ. ಕೆಲಸಕ್ಕ ಕಳ್ಳ ಬಿದ್ದಾಳ ಅಂತ ಬೈತಿದ್ದೆ. ಅವತ್ತ ಮನಿಯಿಂದ ಹೊರಡಲೇ ಇಲ್ಲ. ರಟ್ಟಿ ಹಿಡದು ಎಳಕೊಂಡು ಬಂದು, ನಾನ ಇಲ್ಲಿ ಕುಂದರಿಸಿ ಹೋದೆ.”