ಅತ್ತಿಗೆಯ ಹಸಿರು ಡಬ್ಬಿ

ಕೋಟಿಗೆ ಎರಡೂ ಎಡತೋಳುಗಳೇ ಬಂದಿದ್ದವು. ಬಟ್ಟೆಯನ್ನು ಜೋಡಿಸಿ ಮಡಚದೆ ಒಂದೇ ಮಗ್ಗುಲಿಗೆ ಎರಡು ಸಲ ಕತ್ತರಿಸಿದರೆ ಆಗುವ ತಪ್ಪು ಅದು. ಹೊಸದಾಗಿ ಕತ್ತರಿ ಹಿಡಿದವರು ಮಾಡುವಂಥದ್ದು. ಆದರೆ ಮಾಡಿದವಳು ನಾದಿನಿ, ಕಣ್ಣಳತೆಯಲ್ಲೇ ಕಾಲರ್ ಕೂರಿಸುವವಳು. ಹೊಲಿಗೆ ಅಂಗಡಿ ನಡೆಸುವ ಅತ್ತಿಗೆಗೆ ಸಿಟ್ಟಿಗಿಂತ ಮೊದಲು ನಗು ಬಂತು. ಎರಡೂ ಎಡಗೈ ಇರುವ ಗಿರಾಕಿ ನಮಗೆ ಯಾರಮ್ಮಾ ಇದ್ದಾರೆ ಎಂದು ಕೇಳಿದಳು.

ನಾದಿನಿ ನಗಲಿಲ್ಲ. ಮೇಜಿನ ಅಂಚು ಹಿಡಿದು ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತಳು. ತಲೆ ತಿರುಗಿಸಿದಾಗೆಲ್ಲ ಒಳಗೆ ಕರೆಂಟು ಹೊಡೆದ ಹಾಗಾಗುತ್ತದೆ, ನಿದ್ದೆ ಹತ್ತುವುದಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ ಎಂದಳು. ಅತ್ತಿಗೆ ನೀರು ಕೊಟ್ಟು, ಮಾತ್ರೆ ಮರೆತೆಯೇನೆ ಎಂದು ವಿಚಾರಿಸಿದಳು. ನಾದಿನಿ ಖಿನ್ನತೆಗೆ ಡಾಕ್ಟರ ಮಾತ್ರೆ ತೆಗೆದುಕೊಳ್ಳುವುದು ಮನೆಯವರಿಗೆಲ್ಲ ಗೊತ್ತಿತ್ತು. ಎಲ್ಲರೂ ಊಟಕ್ಕೆ ಕೂತಾಗ "ಮೇಡಮ್ಮನೋರ ಮಾತ್ರೆ ಆಯ್ತಾ?" ಎಂದು ಛೇಡಿಸುವುದರಲ್ಲಿ ಅತ್ತಿಗೆಯೇ ಮುಂದು.

"ಮರೆತಿಲ್ಲ ಅತ್ತಿಗೆ, ಬಿಟ್ಟೇಬಿಟ್ಟೆ," ಎಂದಳು ನಾದಿನಿ. ಅಷ್ಟು ಸುಸ್ತಿನಲ್ಲೂ ಮುಖದಲ್ಲೊಂದು ಹೆಮ್ಮೆ. "ನಿಮ್ಮ ಹಸಿರು ಡಬ್ಬಿ ಗಿಡಮೂಲಿಕೆ ಗುಳಿಗೆ ಇದೆಯಲ್ಲ, ಅದನ್ನೇ ಮೆಡಿಕಲ್ ಶಾಪಿಂದ ತಂದ್ಕೊಂಡೆ. ಡಾಕ್ಟರ ಚೀಟಿನೂ ಕೇಳಲ್ಲ. ಅದರಲ್ಲೇ ನೀವು ಇಷ್ಟು ಚೆನ್ನಾಗಿದ್ದೀರಿ, ನನಗೇನು ದಾಡಿ ಅಂದ್ಕೊಂಡೆ."

ಅತ್ತಿಗೆ ತಿರುಗಿ ನೋಡಿದಳು. ದಾರದ ಉಂಡೆಗಳ ಪಕ್ಕದಲ್ಲಿ, ಬಂದವರ ಕಣ್ಣಿಗೆ ಬೀಳುವ ಹಾಗೇ, ಹಸಿರು ಡಬ್ಬಿ ಕುಳಿತಿತ್ತು. ಅದರೊಳಗೆ ಗಿಡವೂ ಇರಲಿಲ್ಲ, ಮೂಲಿಕೆಯೂ ಇರಲಿಲ್ಲ. ಇದ್ದದ್ದು ಊರಿನ ಆ ತುದಿಯ ಡಾಕ್ಟರೊಬ್ಬರು ಅವಳಿಗೇ ಬರೆದುಕೊಟ್ಟ ಖಿನ್ನತೆಯ ಮಾತ್ರೆ. ಗಂಡನಿಗೂ ಹೇಳದೆ, ಸ್ಟ್ರಿಪ್ಪಿನಿಂದ ಒಂದೊಂದೇ ಬಿಡಿಸಿ ಡಬ್ಬಿಗೆ ತುಂಬಿಕೊಂಡು, ಗಿರಾಕಿಗಳಿಗೆ ಬೆನ್ನು ಮಾಡಿ ನುಂಗುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಅಷ್ಟಕ್ಕೇ ಬಿಟ್ಟಿದ್ದರೆ ಏನೋ ಎನ್ನಬಹುದಿತ್ತು. ಯಾರಾದರೂ ಕೇಳಿದರೆ, ಡಾಕ್ಟರು ಗೀಕ್ಟರು ಯಾಕ್ರೀ, ಮನಸ್ಸು ಗಟ್ಟಿಯಿದ್ದರೆ ಈ ಡಬ್ಬಿಯೇ ಸಾಕು ಎಂದು ಭಾಷಣ ಬೇರೆ ಬಿಗಿಯುತ್ತಿದ್ದಳು. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ.

ಈಗಲೂ ಅದು ಹೊರಳಲು ನೋಡಿತು. ಒಬ್ಬೊಬ್ಬರ ದೇಹ ಒಂದೊಂದು ಥರ, ನಿನಗೆ ಅದು ಒಗ್ಗಲಿಲ್ಲ, ಬಾ ಡಾಕ್ಟರ ಹತ್ತಿರ ಹೋಗೋಣ ಎಂದು ಸುತ್ತಿ ಬಳಸಿ ಹೇಳಿದಳು. ನಾದಿನಿಯ ಕಣ್ಣು ತುಂಬಿತು.

"ಅಂದ್ರೆ ನಿಮ್ಮಷ್ಟು ಗಟ್ಟಿ ಅಲ್ಲ ನಾನು, ಅಲ್ವಾ? ನಿನ್ನೆ ಬಟ್ಟೆ ಒಣಗಿಸೋಕೆ ತಾರಸಿಗೆ ಹೋದಾಗ ಬೇಡದ ಯೋಚನೆಯೆಲ್ಲ ಬಂತು. ಅದನ್ನೂ ತಡ್ಕೊಂಡೆ. ನಿಮ್ಮ ಹಾಗೆ ಆಗ್ಬೇಕು ಅಂತಾನೇ ತಡ್ಕೊಂಡೆ."

ತಾರಸಿಯ ಮಾತು ಕೇಳಿ ಅತ್ತಿಗೆಗೆ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಎದ್ದು ಹೋಗಿ ಅಂಗಡಿಯ ಬಾಗಿಲಿಗೆ ಚಿಲಕ ಹಾಕಿ ಬಂದಳು. ಹಸಿರು ಡಬ್ಬಿಯನ್ನು ತೆಗೆದು ಮೇಜಿನ ಮೇಲೆ ಸುರಿದಳು. ಸೀಮೆಸುಣ್ಣದ ಗೆರೆಗಳ ನಡುವೆ ಬಿಳಿ ಮಾತ್ರೆಗಳು ಉರುಳಿದವು. ನಾದಿನಿ ಒಂದನ್ನು ಎತ್ತಿ, ಅದರ ನಡುವಿನ ಗೀಟನ್ನು ಉಗುರಿನಿಂದ ಸವರಿ ನೋಡಿದಳು.

"ಇದು ನನ್ನ ಮಾತ್ರೆ."

"ನಂದೂ ಅದೇ ಕಣೇ," ಎಂದಳು ಅತ್ತಿಗೆ. "ಹೇಳೋಕೆ ನಾಚಿಕೆ ಆಯ್ತು. ಸುಳ್ಳು ಹೇಳಿದೆ."

ನಾದಿನಿ ಕೈಯಲ್ಲಿದ್ದ ಮಾತ್ರೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅತ್ತಿಗೆ ಅವಳ ಕೈ ಹಿಡಿದುಕೊಂಡೇ ಆಟೋ ಹತ್ತಿಸಿ ಅವಳ ಡಾಕ್ಟರಮ್ಮನ ಬಳಿ ಕರೆದೊಯ್ದಳು. ಡಾಕ್ಟರಮ್ಮ ಬೈಯಲಿಲ್ಲ. ತಾರಸಿಯ ವಿಷಯವನ್ನು ಎರಡೆರಡು ಸಲ ಕೇಳಿ ತಿಳಿದುಕೊಂಡರು. ಅಂಥ ಯೋಚನೆ ಬಂದ ಗಳಿಗೆಯಲ್ಲೇ ಫೋನು ಮಾಡಬೇಕು, ಒಬ್ಬಳೇ ಇರಬಾರದು ಎಂದರು. ಮಾತ್ರೆ ಬಿಡುವ ಆಸೆ ತಪ್ಪಲ್ಲ, ಆದರೆ ನನ್ನನ್ನು ಕೇಳಿ, ನಿಧಾನವಾಗಿ ಇಳಿಸುತ್ತಾ ಬಿಡಬೇಕು; ಚೀಟಿಯಿಲ್ಲದೆ ಸಿಗುವ ಗುಳಿಗೆಯೂ ಔಷಧಿಯೇ, ಕೆಲವು ಈ ಮಾತ್ರೆಯ ಜೊತೆ ಸೇರಿದರೆ ಅಪಾಯ ಎಂದು ಬಿಡಿಸಿ ಹೇಳಿದರು. ನಾದಿನಿ ಚೀಲದಿಂದ ತೆಗೆದುಕೊಟ್ಟ ಡಬ್ಬಿಯ ಮೇಲಿನ ಅಕ್ಷರ ಪೂರ್ತಿ ಓದಿ, ಅದನ್ನು ನಿಲ್ಲಿಸಲು ಹೇಳಿ, ಹಳೆಯ ಮಾತ್ರೆ ಯಾವಾಗ ಮತ್ತೆ ಶುರುಮಾಡಬೇಕೆಂದು ಬರೆದುಕೊಟ್ಟರು. ಕೊನೆಗೆ, ಇದನ್ನು ತೆಗೆದುಕೋ ಎಂದು ಹೇಳಿದವರು ಯಾರು ಎಂದು ಕೇಳಿದರು.

ನಾದಿನಿ ತಲೆ ತಗ್ಗಿಸಿದಳು, ಹೆಸರು ಹೇಳಲಿಲ್ಲ. ತನ್ನನ್ನು ಕಾಪಾಡುತ್ತಿದ್ದಾಳೆಂದು ಅತ್ತಿಗೆಗೆ ತಿಳಿಯಿತು. ಆಗ ಆದ ನಾಚಿಕೆಯ ಮುಂದೆ ಹಳೆಯ ನಾಚಿಕೆ ಏನೇನೂ ಅಲ್ಲ. "ನಾನು," ಎಂದಳು.

ಹೊರಗಿನ ಔಷಧಿ ಅಂಗಡಿಯಲ್ಲಿ ನಾದಿನಿ ಮಾತ್ರೆ ಕೊಂಡಳು. ಚೀಲದಿಂದ ತನ್ನ ಹಸಿರು ಡಬ್ಬಿ ತೆಗೆದು, ಗುಳಿಗೆಗಳನ್ನೆಲ್ಲ ಅಲ್ಲೇ ಇದ್ದ ಕಸದ ಬುಟ್ಟಿಗೆ ಸುರಿದಳು. ಅತ್ತಿಗೆಗೆ ಹೋದ ಜೀವ ಬಂದಂತಾಯಿತು. ಆದರೆ ನಾದಿನಿ ಡಬ್ಬಿಯನ್ನು ಎಸೆಯಲಿಲ್ಲ. ಗೋಡೆಯ ಕಡೆ ತಿರುಗಿ ನಿಂತು, ಹೊಸ ಸ್ಟ್ರಿಪ್ಪಿನಿಂದ ಒಂದೊಂದೇ ಮಾತ್ರೆ ಬಿಡಿಸಿ ಅದಕ್ಕೆ ಹಾಕಿಕೊಂಡಳು. ಮುಚ್ಚಳ ಬಿಗಿಮಾಡಿ, ಅಲುಗಾಡಿಸಿ ನೋಡಿದಳು.

"ಇನ್ಮೇಲೆ ಊಟಕ್ಕೆ ಕೂತಾಗ ಯಾರೂ ಕೇಳಲ್ಲ," ಎಂದಳು. "ಅಲ್ವಾ ಅತ್ತಿಗೆ?"