ಎವೆಯಿಕ್ಕದ ಕಣ್ಣುಗಳು

ಪುರಾತನ ನಿಪ್ಪೂರು ನಗರದ ಗುಡಿಯಲ್ಲಿ ಭಕ್ತರ ಬದಲಿಗೆ ಅವರ ಕಲ್ಲುಗೊಂಬೆಗಳೇ ಪ್ರಾರ್ಥಿಸುತ್ತಿದ್ದವು. ಹೊಲ, ದೋಣಿ, ಮಗ್ಗ ಬಿಟ್ಟು ಬರಲು ಪುರುಸೊತ್ತಿಲ್ಲದವರು ತಮ್ಮಂಥದೇ ಒಂದು ಗೊಂಬೆ ಕೆತ್ತಿಸಿ, ಬೇಕಾದದ್ದನ್ನು ಅದರ ಕಿವಿಯಲ್ಲಿ ಒಮ್ಮೆ ಹೇಳಿ ಹೋದರೆ ಮುಗಿಯಿತು. ಗೊಂಬೆ ಎದೆಯ ಮೇಲೆ ಕೈಜೋಡಿಸಿ, ಎವೆಯಿಕ್ಕದೆ, ಅದೇ ಮಾತನ್ನು ಗುನುಗುತ್ತಲೇ ಇರುತ್ತಿತ್ತು. ಒಡೆಯ ಸತ್ತರೂ ನಿಲ್ಲಿಸುತ್ತಿರಲಿಲ್ಲ.

ಆ ಮುನ್ನೂರು ಜೋಡಿ ಕಣ್ಣುಗಳ ಧೂಳು ಒರೆಸುವುದು ಗೆಮೆತಿಯ ಕೆಲಸ. ಸ್ವಂತ ಗೊಂಬೆ ಕೆತ್ತಿಸುವ ಶಕ್ತಿ ಅವಳಿಗಿರಲಿಲ್ಲ. ಇಪ್ಪತ್ತು ವರ್ಷದಿಂದ ಅವುಗಳೊಂದಿಗೆ ಹರಟುತ್ತಲೇ ಒರೆಸಿದ್ದಳು. "ಏನಜ್ಜ, ನಿನ್ನ ದೋಣಿ ಇನ್ನೂ ಬರ್ಲಿಲ್ವಾ?" ಎಂದು ಎಂದೋ ಸತ್ತುಹೋದ ವ್ಯಾಪಾರಿಯ ಗೊಂಬೆಯನ್ನು ದಿನಾ ಕೇಳುತ್ತಿದ್ದಳು.

ಅಂದು ಬೆಳಿಗ್ಗೆ ಅವಳಿಗೆ ಹರಟೆ ಬೇಡವಾಗಿತ್ತು. ಮನೆಯಲ್ಲಿ ಮಗಳು ನಿನ್ಬಾ ಮೂರು ದಿನದಿಂದ ಜ್ವರದಲ್ಲಿ ಬಿದ್ದಿದ್ದಳು. "ನಮ್ಮ ನಿನ್ಬಾ ಕಣ್ಣೇ ಬಿಡ್ತಿಲ್ಲ ಅಜ್ಜ" ಎಂದಷ್ಟೇ ಹೇಳಿ ಒದ್ದೆ ಬಟ್ಟೆ ಎತ್ತಿದಳು.

ಗುಡಿಯ ಗುನುಗು ಥಟ್ಟನೆ ನಿಂತಿತು. ಹಿಂದೆಂದೂ ಹಾಗೆ ನಿಂತದ್ದಿಲ್ಲ. ಆಮೇಲೆ ವ್ಯಾಪಾರಿಯ ಗೊಂಬೆ ತನ್ನ ದೋಣಿಯ ಪ್ರಾರ್ಥನೆಯನ್ನು ಬಿಟ್ಟು, "ನಿನ್ಬಾ ಕಣ್ಣು ಬಿಡಲಿ" ಎಂದಿತು. ಪಕ್ಕದ್ದೂ ಅದನ್ನೇ ಅಂದಿತು. ನೋಡನೋಡುತ್ತಿದ್ದಂತೆ ಮುನ್ನೂರು ಕಲ್ಲುಬಾಯಿಗಳು ಒಂದೇ ಹೆಸರು ಹಿಡಿದವು. ಗೋಡೆಯ ಇಟ್ಟಿಗೆಗಳು ಕಂಪಿಸಿದವು.

ಪೂಜಾರಿ ಓಡಿಬಂದ. "ಇದ್ಯಾರ ಪ್ರಾರ್ಥನೆ ಗೆಮೆತಿ? ಹೊಸ ಗೊಂಬೆ ಯಾರು ಇಟ್ಟರು?"

ಗೆಮೆತಿ ಬಟ್ಟೆ ಕೆಳಗಿಟ್ಟು, ಸಾಲಿನ ಕೊನೆಯಲ್ಲಿ ಖಾಲಿಯಿದ್ದ ಜಾಗದಲ್ಲಿ ಎದೆಯ ಮೇಲೆ ಕೈಜೋಡಿಸಿ ನಿಂತಳು. ಮೇಲಿಂದ ಉದುರಿದ ಧೂಳು ಕಣ್ಣಿಗೆ ಬಿದ್ದರೂ ಅವಳು ಎವೆಯಿಕ್ಕಲಿಲ್ಲ.