ಸೊನ್ನೆಯಿಂದ ಹತ್ತರವರೆಗೆ

"ಸೊನ್ನೆ ಅಂದ್ರೆ ನೋವೇ ಇಲ್ಲ. ಹತ್ತು ಅಂದ್ರೆ ತಡ್ಕೊಳ್ಳೋಕೇ ಆಗದಷ್ಟು. ಈಗ ಎಷ್ಟಿದೆ ಹೇಳಿ," ಎಂದು ಅರಿವಳಿಕೆ ಡಾಕ್ಟರು ಹಾಸಿಗೆಯ ಪಕ್ಕ ನಿಂತು ಕೇಳಿದರು.

"ಎರಡು," ಎಂದರು ದೊಡ್ಡಕ್ಕ, ಮುಖದ ಒಂದು ಗೆರೆಯನ್ನೂ ಅಲುಗಿಸದೆ.

ಮೂವತ್ತನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವರು ಅವರು. ದೊಡ್ಡಕ್ಕ ಎಂಬ ಹೆಸರು ಬಂದದ್ದೂ ಅಲ್ಲಿಯೇ. ಹಲ್ಲು ಕಚ್ಚಿ ತಡೆದುಕೊಂಡವಳ ಬೆನ್ನು ತಟ್ಟುತ್ತಿದ್ದರು; ಕೂಗಾಡಿದವಳನ್ನು, "ಲೋಕದಲ್ಲಿ ನೀನೊಬ್ಬಳೇ ಹೆರ್ತಿರೋದಾ?" ಎಂದು ಗದರುತ್ತಿದ್ದರು. ಅಂಥವರು ನಿನ್ನೆ ಮಂಡಿ ಬದಲಿಸಿಕೊಂಡು ಇವತ್ತು 'ಅಯ್ಯೋ ಅಮ್ಮಾ' ಎನ್ನುವುದುಂಟೇ?

ನಿನ್ನೆಯೆಲ್ಲ ಕಷ್ಟವೇನೂ ಇರಲಿಲ್ಲ. ತೊಡೆಯೊಳಗೆ, ನರದ ಮಗ್ಗುಲಿಗೆ ದಾರದಂಥ ನಳಿಕೆಯೊಂದನ್ನು ಇಳಿಸಿ, ಮರಗಟ್ಟಿಸುವ ಔಷಧಿ ಅದರ ಮೂಲಕ ಹನಿಹನಿಯಾಗಿ ಹೋಗುವಂತೆ ಮಾಡಿದ್ದರು. ಹೊಸ ಮಂಡಿ ಯಾರದ್ದೋ ಎಂಬಂತೆ ತೆಪ್ಪಗೆ ಬಿದ್ದುಕೊಂಡಿತ್ತು. ಬೆಳಗಿನ ಜಾವ ಮೈ ಹೊರಳಿಸಿದ ಮೇಲೆ ಶುರುವಾಯಿತು ನೋಡಿ: ಮೊದಲು ಜುಮುಜುಮು, ಆಮೇಲೆ ಕಾದ ಸಲಾಕೆಯನ್ನು ಮೂಳೆಯೊಳಗೆ ತಿರುವಿದಂತೆ. ಕರೆಗಂಟೆಯ ಗುಂಡಿ ಕೈಗೆಟುಕುವಲ್ಲೇ ಇತ್ತು. ಪಕ್ಕದ ಬೆಂಚಿನಲ್ಲಿ ಮಗಳು ಮಲಗಿದ್ದಳು. ದೊಡ್ಡಕ್ಕ ಗುಂಡಿ ಒತ್ತಲಿಲ್ಲ, ಮಗಳನ್ನು ಎಬ್ಬಿಸಲಿಲ್ಲ. ಮಂಚದ ಸರಳು ಹಿಡಿದು ಬೆಳಗು ಮಾಡಿದರು.

"ಎರಡೇ ಆದ್ರೆ, ಎಲ್ಲಿ, ಸ್ವಲ್ಪ ಮಂಡಿ ಮಡಚಿ ನೋಡೋಣ," ಎಂದರು ಡಾಕ್ಟರು.

ಹಿಮ್ಮಡಿ ಒಂದಂಗುಲ ಜರುಗಿತು, ಅಷ್ಟೆ. ದೊಡ್ಡಕ್ಕನ ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಹೊದಿಕೆ ಸರಿಮಾಡಲು ಬಂದ ಮಗಳ ಕೈಗೆ ಒದ್ದೆ ತಗುಲಿತು.

"ಡಾಕ್ಟ್ರೇ, ಇಲ್ಲಿ ಹಾಸಿಗೆಯೆಲ್ಲ ನೆಂದುಬಿಟ್ಟಿದೆ!"

ಅಂಟಿಸಿದ ಪಟ್ಟಿ ಬಿಟ್ಟುಕೊಂಡು ನಳಿಕೆ ಹೊರಗೆ ಜಾರಿತ್ತು. ಬೆಳಗಿನ ಜಾವದಿಂದ ಔಷಧಿ ಬಿದ್ದದ್ದೆಲ್ಲ ಹಾಸಿಗೆಗೆ. ಮರಗಟ್ಟಿದ್ದೇನಾದರೂ ಇದ್ದರೆ ಆ ಹಾಸಿಗೆ ಮಾತ್ರ.

ಡಾಕ್ಟರು ರೇಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. "ದೊಡ್ಡಕ್ಕ, ನಿಮ್ಮ ಧೈರ್ಯ ಅಳೆಯೋಕೆ ಕೇಳಿದ್ದಲ್ಲ ನಾನು. ನೋವಿದೆ ಅಂತ ಈಗ ಕಾಲು ಮಡಚದೆ ಬಿಟ್ರೆ ಮಂಡಿ ಬಿಗಿದುಕೊಳ್ಳುತ್ತೆ. ಇಷ್ಟು ಕಷ್ಟಪಟ್ಟು ಹಾಕಿಸ್ಕೊಂಡಿದ್ದು ನೆಟ್ಟಗೆ ನಡೆಯೋಕೆ ತಾನೆ? ನೀವು ಮುಚ್ಚಿಟ್ರೆ ನನ್ನ ಕೈ ಕಟ್ಟಿಹಾಕಿದ ಹಾಗೆ. ನಿಜವಾಗಿ ಎಷ್ಟು?"

ದೊಡ್ಡಕ್ಕ ಗೋಡೆಯ ಕಡೆ ನೋಡಿದರು. ಆಮೇಲೆ, ತುಟಿ ಕದಲಿತೋ ಇಲ್ಲವೋ ಎಂಬಂತೆ, "ಒಂಬತ್ತು," ಎಂದರು. ಆ ಮಾತು ಬಾಯಿಂದ ಬಿದ್ದದ್ದೇ ತಡ, ಕಣ್ಣೀರು ಕಿವಿಯವರೆಗೂ ಹರಿಯಿತು. ತನ್ನ ತಾಯಿ ಅತ್ತದ್ದನ್ನು ಮಗಳು ನೋಡಿದ್ದು ಅದೇ ಮೊದಲು.

ಸ್ಕ್ಯಾನಿಂಗ್ ಯಂತ್ರ ಬಂತು. ಬೂದುಬಣ್ಣದ ಪರದೆಯಲ್ಲಿ ಸಾಸಿವೆಯಷ್ಟು ಬೆಳ್ಳಗಿನ ಚುಕ್ಕೆಯೊಂದನ್ನು ತೋರಿಸಿ, "ಇದೇ ನಿಮ್ಮನ್ನ ಕಾಡ್ತಿರೋ ನರ," ಎಂದರು ಡಾಕ್ಟರು. ಸೂಜಿ ಅದರ ಪಕ್ಕಕ್ಕೆ ಹೋಗಿ ನಿಂತಿತು. ಹೊಸ ನಳಿಕೆ, ಹೊಸ ಪಟ್ಟಿ. ಅರ್ಧ ಗಂಟೆಯಲ್ಲಿ ಒಂಬತ್ತು ಐದಾಯಿತು, ಐದು ಮೂರಾಯಿತು. ಹಿಮ್ಮಡಿ ನಿಧಾನವಾಗಿ ಒಂದು ಗೇಣು ಹಿಂದಕ್ಕೆ ಬಂತು.

"ಇನ್ನು ಮೇಲೆ ನೋವು ನಾಲ್ಕಾಗೋ ಮೊದಲೇ ಕರೀಬೇಕು," ಎಂದು ಹೇಳಿ ಡಾಕ್ಟರು ಹೊರಟರು.

ಮಗಳು ನೆಂದ ಹಾಸುಬಟ್ಟೆ ಸುತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು. ದೊಡ್ಡಕ್ಕ ಅವಳನ್ನೇ ನೋಡುತ್ತಿದ್ದರು.

"ನೀನು ಹೆತ್ತ ದಿನ," ಎಂದರು ಕೊನೆಗೆ, "ನಿನಗೆ ಎಷ್ಟಿತ್ತೇ?"

ಮಗಳ ಕೈ ನಿಂತಿತು. ಅವಳು ತಲೆ ಎತ್ತಲಿಲ್ಲ.

"ಹದಿನೇಳು ಗಂಟೆ ನೀನು ನನ್ನ ಪಕ್ಕದಲ್ಲೇ ಇದ್ದೆ ಅಮ್ಮ. ಆಗ ಕೇಳ್ಬಹುದಿತ್ತು."